ಅತ್ತೆಯ ಹಾಸಿಗೆಯ ತಗ್ಗು

"ತಗ್ಗು ಏಳೋವರೆಗೂ ಹೊಲಿಗೆ ಬಿಚ್ಚಬಾರದು," ಎಂದ ಅರಳೆಯಜ್ಜ. "ಇನ್ನೂ ಎದ್ದಿಲ್ಲ. ನೀವೇ ನೋಡಿ."

ಅಳಿಯ ನೋಡಿದ. ಅಂಗಡಿಯ ಹಿಂದಿನ ಅರಳೆ ಕೋಣೆಯ ನೆಲದ ಮೇಲೆ ಅತ್ತೆಯ ಹಾಸಿಗೆ ಬಿದ್ದಿತ್ತು. ಮೂರು ವರ್ಷ ಆಕೆ ಅದರ ಮೇಲೆ ಮಲಗಿದ್ದಳು, ಕೊನೆಯ ಉಸಿರನ್ನೂ ಅಲ್ಲೇ ಬಿಟ್ಟಿದ್ದಳು. ನೀಲಿ ಪಟ್ಟೆಯ ಒರಟು ಬಟ್ಟೆಯ ನಡುವೆ ಆಕೆಯ ಅಳತೆಯ ತಗ್ಗೊಂದು ಹಾಗೇ ಉಳಿದಿತ್ತು. ತಲೆಗೆ ಒಂದು ಬಟ್ಟಲಿನಷ್ಟು, ಸೊಂಟಕ್ಕೆ ಇನ್ನೂ ಆಳವಾದದ್ದು, ಹಿಮ್ಮಡಿಗಳಿಗೆ ಎರಡು ಪುಟ್ಟ ಗುಳಿ. ಆಕೆ ಸತ್ತು ಹದಿನೆಂಟು ದಿನವಾಗಿತ್ತು.

"ಹಳೇ ಅರಳೆ ಅಜ್ಜ, ಗಂಟು ಕಟ್ಟಿದೆ ಅಷ್ಟೆ. ಎರಡು ದಿನ ಬಿಸಿಲಿಗೆ ಹಾಕಿದ್ರೆ ತಾನೇ ಏಳುತ್ತೆ."

"ಬಿಸಿಲಿಗೆ ಏಳೋದು ಅರಳೆ. ನಾನು ಹೇಳ್ತಿರೋದು ಅಮ್ಮಾವ್ರ ವಿಷಯ."

ಹಾಸಿಗೆ ಕಟ್ಟುವವರಲ್ಲಿ ಈ ಮಾತು ಹಿಂದಿನಿಂದ ಬಂದದ್ದು. ಸತ್ತವರ ಹಾಸಿಗೆಯನ್ನು ಒಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಅರಳೆ ದಿನಾ ಕೊಂಚ ಕೊಂಚ ಉಬ್ಬಿ ತಗ್ಗು ತುಂಬಿಕೊಳ್ಳುತ್ತದೆ. ಪೂರ್ತಿ ಸಮವಾದ ದಿನ, ಮಲಗಿದ್ದವರು ಎದ್ದು ಹೋದರು ಎಂದರ್ಥ. ಆಮೇಲೆ ಬಿಚ್ಚಬಹುದು, ಹಿಂಜಬಹುದು, ಸುಡಬಹುದು. ಅದಕ್ಕೆ ಮುಂಚೆ ಕತ್ತರಿ ಹಾಕಿದರೆ ಮಲಗಿದ್ದವರನ್ನು ತಟ್ಟಿ ಎಬ್ಬಿಸಿದ ಹಾಗೆ. ನಲವತ್ತು ವರ್ಷ ಅರಳೆ ಹಿಂಜಿ, ಹುಬ್ಬಿಗೂ ಕಿವಿಯ ಕೂದಲಿಗೂ ಬಿಳಿ ಎಳೆ ಅಂಟಿಸಿಕೊಂಡೇ ಓಡಾಡುವ ಅಜ್ಜ ಇದನ್ನು, ಯಂತ್ರಕ್ಕೆ ಎಣ್ಣೆ ಬಿಡಬೇಕು ಎನ್ನುವ ಧಾಟಿಯಲ್ಲೇ ಹೇಳುತ್ತಿದ್ದ.

"ಬದುಕಿದ್ದಾಗಲೇ ಏಳ್ಲಿಲ್ಲ ನಮ್ಮತ್ತೆ. ಈಗ ಏಳ್ತಾರಾ?" ಅಳಿಯ ನಕ್ಕ.

ಅಜ್ಜ ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಇನ್ನೊಂದು ವಿಷಯ ಇದೆ. ತಮ್ಮನಿಗೆ ಹೆದರಿ ಅಮ್ಮಾವ್ರು ಈ ಹಾಸಿಗೆಗೆ ಮಂತ್ರದ ಕಟ್ಟು ಹಾಕ್ಸಿದಾರೆ. ಎಲ್ಲಿಂದಲೋ ಒಬ್ಬ ಹೆಂಗಸನ್ನ ಕರ್ಸಿದ್ರು. ಅವಳು ಒಂದು ಹಗಲು ಪೂರ್ತಿ ಬಾಗಿಲು ಹಾಕ್ಕೊಂಡು, ದಾರದ ಬದಲು ಕೂದಲಲ್ಲಿ ಹೊಲಿದ್ಲು. ಹೋಗೋವಾಗ ನನ್ನ ಮುಂದೇನೇ ಹೇಳಿದ್ಲು. ತಿಂಗಳಾದ ಮೇಲೆ ಒಳಗಿರೋದನ್ನ ಮಗಳು ತೆಗೀಲಿ. ಬೇರೆ ಯಾರಾದ್ರೂ ತೆಗೆದು ಅದರ ಮೇಲೆ ಸುಳ್ಳು ಕೈ ಇಟ್ರೆ, ಆ ಕೈ ಆಮೇಲೆ ಅವರದ್ದಲ್ಲ ಅಂತ."

ಅಳಿಯನಿಗೆ ಕೂದಲೂ ಕೇಳಿಸಲಿಲ್ಲ, ಕೈಯೂ ಕೇಳಿಸಲಿಲ್ಲ. ಒಂದೇ ಮಾತು ಕೇಳಿಸಿತು.

"ಒಳಗಿರೋದು ಅಂದ್ರೆ? ಉಯಿಲು ಇದರೊಳಗಿದೆಯಾ?"

ಅಜ್ಜ ನಾಲಿಗೆ ಕಚ್ಚಿಕೊಂಡ. ಹೆದರಿಸಲು ಹೋಗಿ ಗುಟ್ಟು ಬಿಟ್ಟುಕೊಟ್ಟಿದ್ದ ಪಾಪ.

ಹದಿನೆಂಟು ದಿನದಿಂದ ಗಂಡ ಹೆಂಡತಿ ಮನೆಯನ್ನು ಜಾಲಾಡಿದ್ದರು. ಮೇಜಿನ ಖಾನೆ, ಹಿಟ್ಟಿನ ಡಬ್ಬಿ, ಹಿಂಜುವ ಯಂತ್ರದ ಬೆಲ್ಟಿನ ಪೆಟ್ಟಿಗೆ, ಗೋಡೆಗೆ ನೇತುಹಾಕಿದ ಚಿತ್ರಗಳ ಬೆನ್ನು. ಮಾರಾಟಕ್ಕಿಟ್ಟ ನಲವತ್ತೆರಡು ದಿಂಬುಗಳನ್ನು ಬಿಚ್ಚಿ ಮತ್ತೆ ಹೊಲಿದಿದ್ದರು. ಉಯಿಲು ಇದೆ ಎಂದು ಅತ್ತೆ ಮಾತು ನಿಲ್ಲುವ ಮುಂಚೆ ಸಾರಿ ಸಾರಿ ಹೇಳಿದ್ದಳು. ಎಲ್ಲಿ ಎಂದು ಹೇಳುವಷ್ಟರಲ್ಲಿ ನಾಲಿಗೆ ಬಿದ್ದುಹೋಗಿತ್ತು. ಲಕ್ವದ ಮೊದಲ ಹೊಡೆತಕ್ಕೆ ಕಾಲು, ಎರಡನೆಯದಕ್ಕೆ ಬಲಗೈ ಮತ್ತು ಮಾತು, ಮೂರನೆಯದಕ್ಕೆ ಉಳಿದದ್ದೆಲ್ಲ. ಒಂದೊಂದೇ ದೀಪ ಆರಿಸುತ್ತ ಮನೆ ಖಾಲಿ ಮಾಡಿದ ಹಾಗೆ ಆಕೆಯ ಮೈ ಜೋಮು ಹಿಡಿಯುತ್ತ ಹೋಗಿತ್ತು.

ಉಯಿಲು ಸಿಗಲೇಬೇಕಿತ್ತು. ಹೆಂಡತಿ ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ನಾಲ್ಕು ವರ್ಷದವಳಿದ್ದಾಗ ಕರೆತಂದು ಸಾಕಿದವಳು. ಸಾಕಿದ್ದಕ್ಕೆ ಕಾಗದವಿಲ್ಲ. ಉಯಿಲು ಇಲ್ಲದಿದ್ದರೆ ಮನೆ, ಅಂಗಡಿ, ಯಂತ್ರ ಎಲ್ಲವೂ ಅತ್ತೆಯ ಒಡಹುಟ್ಟಿದ ತಮ್ಮನಿಗೆ. ಆತ ಅಕ್ಕ ಸತ್ತ ಮೂರನೇ ದಿನವೇ ಬಂದು, ಚಹಾ ಕುಡಿದು, ಅಂಗಡಿಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಹೋಗಿದ್ದ. ಇವತ್ತು ಬೆಳಿಗ್ಗೆ ಮತ್ತೆ ಬಂದು, ನಾಳೆ ಹತ್ತಕ್ಕೆ ಬೀಗ ತರುತ್ತೇನೆ, ಅಷ್ಟರಲ್ಲಿ ಕಾಗದ ತೋರಿಸಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಎಂದಿದ್ದ.

ಅಳಿಯ ಒಳಮನೆಗೆ ಹೋದ. ಹೆಂಡತಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮೂರು ವರ್ಷ ಎರಡೆರಡು ಗಂಟೆಗೊಮ್ಮೆ ಎದ್ದು ಅಮ್ಮನ ಮೈಯನ್ನು ಮಗ್ಗುಲು ಬದಲಾಯಿಸಿದವಳು ಅವಳು. ಒಂದೇ ಕಡೆ ಮಲಗಿದರೆ ಬೆನ್ನು ಕೊಳೆಯುತ್ತದೆ. ಈ ಹದಿನೆಂಟು ದಿನ ಎಬ್ಬಿಸುವವರಿರಲಿಲ್ಲ, ಆದರೂ ಅವಳಿಗೆ ಎಚ್ಚರವಾಗುತ್ತಿತ್ತು. ಅವಳು ಅತ್ತಿರಲಿಲ್ಲ. ಹೆಣ ಎತ್ತುವಾಗಲೂ, ಬಂದವರು ಮೈಮೇಲೆ ಬಿದ್ದು ಅತ್ತಾಗಲೂ ಅವಳ ಮುಖ ಒಣಗಿದ ಗೋಡೆಯಂತೆ ಸುಮ್ಮನಿತ್ತು.

"ಸಿಕ್ತು," ಎಂದ ಅಳಿಯ. "ಹಾಸಿಗೆಯೊಳಗಿದೆ. ಅಜ್ಜನೇ ಬಾಯಿಬಿಟ್ಟ."

"ಹೌದಾ," ಎಂದಳು.

"ಬಾ, ಬಿಚ್ಚೋಣ."

"ತಿಂಗಳಾಗಲಿ. ನಾನೇ ಬಿಚ್ತೀನಿ."

"ನಿನಗೂ ಆ ಮುದುಕನ ಹುಚ್ಚು ಹತ್ತಿತಾ? ನಾಳೆ ನಿಮ್ಮ ಮಾವ ಬೀಗ ತರ್ತಾರೆ."

"ತರಲಿ ಬಿಡಿ."

"ಎಲ್ಲಿಗೆ ಹೋಗ್ತೀಯ ಆಮೇಲೆ?"

"ಗೊತ್ತಿಲ್ಲ. ಏನೂ ಅನ್ನಿಸ್ತಿಲ್ಲ ನನಗೆ. ಮಲಗ್ತೀನಿ ಒಂದು ಗಳಿಗೆ." ಕೈ ಒರೆಸಿಕೊಂಡು ಕೋಣೆಗೆ ಹೋಗಿ, ಸೀರೆಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಅಳಿಯ ಕೆಟ್ಟವನೇನಲ್ಲ. ಹೆಂಡತಿಯ ಮೇಲೆ ಅವನಿಗೆ ಜೀವವಿತ್ತು. ಎಂಟು ತಿಂಗಳ ಸಂಸಾರದಲ್ಲಿ ಅವಳು ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದನ್ನು ಅವನು ನೋಡಿರಲಿಲ್ಲ. ಈ ಮನೆ ಕೈಗೆ ಬಂದರೆ ಅವಳನ್ನು ಒಂದು ವಾರ ಏಳದಂತೆ ಮಲಗಿಸಬೇಕು ಎನ್ನುವುದು ಅವನ ಆಸೆ. ಮೂರು ಬಾಡಿಗೆ ಕೋಣೆಗಳಿಂದ ಹೊರಹಾಕಿಸಿಕೊಂಡವನಿಗೆ ಒಂದು ಬಾಗಿಲು ತನ್ನದು ಎನ್ನಬೇಕೆಂಬ ಆಸೆಯೂ ಇತ್ತು, ಇಲ್ಲವೆನ್ನುವಂತಿಲ್ಲ. ಅವನು ಅಜ್ಜನನ್ನು ದಾರದುಂಡೆ ತರಲು ಪೇಟೆಯ ಆ ತುದಿಗೆ ಕಳಿಸಿದ. ಅಜ್ಜ ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿ ಹೋದ.

ಮಧ್ಯಾಹ್ನ ಮೂರು ಗಂಟೆ. ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಅರಳೆ ಕೋಣೆಗೆ ಕಿಟಕಿಯಿಲ್ಲ, ಸೂರಿನ ಹತ್ತಿರ ಕೈ ಅಗಲದ ಒಂದು ಕಂಡಿ ಮಾತ್ರ. ಕಿಡಿಯ ಭಯಕ್ಕೆ ತಂತಿಬಲೆಯೊಳಗಿಟ್ಟ ಒಂದು ಬಲ್ಬು, ಅದರ ಮೇಲೂ ಬೆರಳು ದಪ್ಪದ ಧೂಳು. ಬಾಗಿಲು ಹಾಕಿದ್ದೇ ತಡ, ಹೊರಗಿನ ಬೀದಿ ಇಲ್ಲವಾಯಿತು. ಗೋಡೆಯುದ್ದಕ್ಕೂ ಪೇರಿಸಿದ ಅರಳೆಯ ಮೂಟೆಗಳು ಸದ್ದನ್ನೆಲ್ಲ ನುಂಗುತ್ತಿದ್ದವು. ಅವನು ಕೆಮ್ಮಿದ. ಕೆಮ್ಮು ಬಾಯಿಯಿಂದ ಒಂದು ಮೊಳ ಹೋಗಿ ನಿಂತಿತು.

ಹಾಸಿಗೆಯಿಂದ ನೋವಿನ ಎಣ್ಣೆಯ ವಾಸನೆ ಬರುತ್ತಿತ್ತು. ಅದರ ಕೆಳಗೆ ಹಳೆಯ ಬೆವರು, ಉಚ್ಚೆ, ಎಷ್ಟೋ ಸಲ ಒಗೆದು ಒಣಗಿಸಿದ ಬಟ್ಟೆ. ಅವನು ಮಂಡಿಯೂರಿ ಕೂತು ಅಂಚಿನ ಹೊಲಿಗೆಗೆ ಕತ್ತರಿ ಹಾಕಿದ. ಹೊರಗಿನ ಸಾಲು ಬಿಳಿ ದಾರ. ಒಳಗಿನ ಸಾಲು ಕಪ್ಪು. ನಡುನಡುವೆ ನರೆತದ್ದು. ಕತ್ತರಿ ಆಡಿಸಿದಾಗ ಅದು ದಾರದಂತೆ ತುಂಡಾಗಲಿಲ್ಲ, ಕಿರುಗುಟ್ಟಿ ಜಾರಿತು.

"ಒಳ್ಳೇ ಹೊಲಿಗೆ," ಎಂದು ಗಟ್ಟಿಯಾಗಿಯೇ ಅಂದುಕೊಂಡ. ಧೈರ್ಯಕ್ಕೆ ಅಂದದ್ದು, ಅದು ಅವನಿಗೂ ಗೊತ್ತು.

ಕೈ ಒಳಗೆ ತೂರಿಸಿದ. ಮೇಲಿನ ಪದರ ತಣ್ಣಗಿತ್ತು. ಮೊಣಕೈವರೆಗೆ ಹೋದಾಗ ಬೆಚ್ಚಗಾಯಿತು. ಸರಿಯಾಗಿ ತಗ್ಗಿನ ಕೆಳಗೆ, ಯಾರೋ ಈಗಷ್ಟೇ ಎದ್ದುಹೋದ ಜಾಗದಷ್ಟು ಬೆಚ್ಚಗೆ. ಅರಳೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಅಲ್ಲವೇ ಜನ ಹೊದೆಯುವುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಎಳೆದ.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ. ಅದರ ಸುತ್ತ ಒಂದು ಹೆರಳು ಬಿಗಿದು ಕಟ್ಟಿತ್ತು. ಹೆರಳಿನ ಗಂಟಿನಲ್ಲಿ ಹತ್ತು ಉಗುರು. ಕತ್ತರಿಸಿದ ಚೂರುಗಳಲ್ಲ, ಬುಡಸಮೇತ ಕಿತ್ತವು. ಅತ್ತೆಯ ಕಾಲಿಗೆ ಯಾವಾಗಲೂ ಬಟ್ಟೆ ಸುತ್ತಿರುತ್ತಿದ್ದದ್ದು ಅವನಿಗೆ ನೆನಪಾಯಿತು. ಅವನು ಹೆರಳನ್ನು ಹರಿದು ಮೂಟೆಗಳ ಹಿಂದಕ್ಕೆ ಎಸೆದ. ಕಾಲಲ್ಲಿ ಜೀವವಿಲ್ಲದವಳಿಗೆ ಉಗುರು ಹೋದರೆ ನೋವೇನು, ಪಾಪ, ತಮ್ಮನ ಭಯಕ್ಕೆ ಬುದ್ಧಿ ಕೆಟ್ಟಿತ್ತು ಎಂದುಕೊಂಡು ಕಾಗದ ಬಿಡಿಸಿದ.

ಅತ್ತೆಯದೇ ಅಕ್ಷರ. ಕೈ ಇನ್ನೂ ಆಡುತ್ತಿದ್ದ ಕಾಲದ್ದು, ಬಲಕ್ಕೆ ವಾಲಿದ, ಒತ್ತಿ ಬರೆದ ಅಕ್ಷರ. ಮನೆಯೂ ಅಂಗಡಿಯೂ ಹಿಂಜುವ ಯಂತ್ರವೂ ನನ್ನ ಸಾಕುಮಗಳಿಗೆ ಸೇರತಕ್ಕದ್ದು. ನನ್ನ ತಮ್ಮನಿಗೆ ಇದರಲ್ಲಿ ಯಾವ ಹಕ್ಕೂ ಇಲ್ಲ. ಕೆಳಗೆ ಸಹಿ. ಮೊದಲನೇ ಸಾಕ್ಷಿ, ಅರಳೆಯಜ್ಜನ ಹೆಬ್ಬೆಟ್ಟು. ಎರಡನೇ ಸಾಕ್ಷಿ ಎಂದು ಬರೆದು ಮುಂದೆ ಖಾಲಿ. ತಾರೀಖಿನ ಜಾಗವೂ ಖಾಲಿ. ಇನ್ನೊಬ್ಬ ಸಾಕ್ಷಿ ಸಿಕ್ಕ ಮೇಲೆ ಹಾಕೋಣ ಎಂದು ಬಿಟ್ಟದ್ದು ಹಾಗೇ ಉಳಿದಿತ್ತು.

ಅಳಿಯ ಹಣೆ ಚಚ್ಚಿಕೊಂಡ. ಒಬ್ಬನೇ ಸಾಕ್ಷಿಯ ಉಯಿಲು ನಿಲ್ಲುವುದಿಲ್ಲ. ಇದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ, ಏಕೆಂದರೆ ಅವನ ಕಸುಬೇ ಅದು. ನೋಂದಣಿ ಕಚೇರಿಯ ಗೋಡೆಗೆ ಒರಗಿದ ಹನ್ನೊಂದು ಮೇಜುಗಳಲ್ಲಿ ಏಳನೆಯದು ಅವನದು. ಜನ ಬಂದು ಹೇಳುತ್ತಾರೆ, ಅವನು ಬರೆಯುತ್ತಾನೆ. ದಿನಕ್ಕೆ ಮೂವತ್ತು, ನಲವತ್ತು ಕಾಗದ. ಸಾಕ್ಷಿ ತರದೆ ಬಂದವರಿಗೆ ಪಕ್ಕದ ಮೇಜಿನವನೇ ಸಾಕ್ಷಿ. ಆತನಿಗೆ ದಪ್ಪ ಕನ್ನಡಕ, ಅದಕ್ಕೇ ಸೋಡಾಬುಡ್ಡಿ ಎಂದು ಹೆಸರು. ಸೋಡಾಬುಡ್ಡಿ ಊಟಕ್ಕೆ ಹೋಗಿದ್ದರೆ ಅವನ ಸಹಿಯನ್ನು ಇವನು ಹಾಕುತ್ತಿದ್ದ, ಇವನಿಲ್ಲದಿದ್ದರೆ ಇವನದನ್ನು ಅವನು. ಸಂಜೆ ಚಹಾದ ಹೊತ್ತಿಗೆ, ಇವತ್ತು ನಾನು ಏನೇನು ನೋಡಿದೆ ಹೇಳಪ್ಪ ಎಂದು ಸೋಡಾಬುಡ್ಡಿ ಕೇಳುವುದು, ಇಬ್ಬರೂ ನಗುವುದು. ಯಾರಿಗೂ ಇದು ಸುಳ್ಳು ಎನಿಸಿರಲಿಲ್ಲ. ಕೆಲಸ ಎನಿಸಿತ್ತು.

ಅವನು ಅರಳೆ ಮೂಟೆಯ ಮೇಲೆ ಹಲಗೆಯಿಟ್ಟ. ಜೇಬಿನಿಂದ ಪೆನ್ನು ತೆಗೆದ. ಸೋಡಾಬುಡ್ಡಿಗೆ ಸಂಜೆ ಹೇಳಿದರಾಯಿತು. ಎರಡನೇ ಸಾಕ್ಷಿಯ ಮುಂದೆ, ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲ ಸಾಲನ್ನು ಬರೆದ. ಮೇಲ್ಕಂಡವರು ಪೂರ್ಣ ಪ್ರಜ್ಞೆಯಿಂದ, ಸ್ವಂತ ಇಚ್ಛೆಯಿಂದ, ಈ ದಿನ ನನ್ನ ಸಮಕ್ಷಮ ಸಹಿ ಮಾಡಿರುತ್ತಾರೆ. ಕೆಳಗೆ ಸೋಡಾಬುಡ್ಡಿಯ ಸಹಿ, ಬಾಲದ ಸುರುಳಿಸಮೇತ. ಅದರ ಪಕ್ಕದಲ್ಲಿ ತಾರೀಖು.

ಬರೆದಾದ ಮೇಲೆ ಒಮ್ಮೆ ಓದಿದ.

ಇವತ್ತಿನ ತಾರೀಖು ಹಾಕಿದ್ದ.

ಮೂರು ವರ್ಷ ಹಿಂದಿನದ್ದು ಹಾಕಬೇಕಿತ್ತು. ಹನ್ನೆರಡು ವರ್ಷದಿಂದ ದಿನಕ್ಕೆ ನಲವತ್ತು ಸಲ ಅವತ್ತವತ್ತಿನ ತಾರೀಖು ಬರೆದ ಕೈ, ಯಜಮಾನನನ್ನು ಕೇಳದೆ ತನ್ನ ಪಾಡಿಗೆ ಬರೆದುಬಿಟ್ಟಿತ್ತು. ಇದ್ದದ್ದು ಒಂದೇ ಹಾಳೆ. ಅತ್ತೆ ಈ ದಿನ, ಪೂರ್ಣ ಪ್ರಜ್ಞೆಯಿಂದ, ಸಾಕ್ಷಿಯ ಎದುರು ಸಹಿ ಮಾಡಿದ್ದಾಳೆ ಎಂದು ಅದು ಹೇಳುತ್ತಿತ್ತು. ಸತ್ತ ಹದಿನೆಂಟನೇ ದಿನ. ನಾಳೆ ಅತ್ತೆಯ ತಮ್ಮ ಇದನ್ನು ಓದಿ ಬಿದ್ದು ಬಿದ್ದು ನಗುತ್ತಾನೆ. ಪೊಲೀಸರನ್ನು ಕರೆದರೂ ಕರೆದಾನು.

ಹೇಗೆ ತಿದ್ದುವುದು ಎಂದು ಬೆಳಕಿಗೆ ಹಿಡಿದು ನೋಡಿದ. ಆಗ ಕಂಡಿತು. ಅತ್ತೆಯ ಸಹಿ ತಿಳಿಯಾಗುತ್ತಿತ್ತು.

ಮೊದಲು ಬೂದು. ಆಮೇಲೆ ಹಳದಿ. ಆಮೇಲೆ ಬರಿ ಗೀರು. ನೋಡುತ್ತಿದ್ದಂತೆ ಗೀರೂ ಹೋಯಿತು. ಸಹಿಯಿದ್ದ ಜಾಗ ಹೊಸ ಹಾಳೆಯಷ್ಟು ಬೆಳ್ಳಗಾಯಿತು. ಉಳಿದ ಅಕ್ಷರಗಳು ಇದ್ದಲ್ಲೇ ಇದ್ದವು.

ಬಲಗೈಯ ಕಿರುಬೆರಳು ಜುಮುಗುಟ್ಟಿತು. ಕೈ ಒದರಿದ. ಜುಮುಗುಡುವುದು ನಿಂತಿತು. ಬೆರಳೂ ನಿಂತಿತು. ಎಡಗೈಯಿಂದ ಹಿಸುಕಿ ನೋಡಿದ. ಬೇರೆ ಯಾರದೋ ಬೆರಳು ಹಿಸುಕಿದ ಹಾಗಿತ್ತು.

ಹಿಂದೆ ಸದ್ದಾಯಿತು. ಮೆತ್ತನೆಯ ಸದ್ದು. ಅರಳೆಯ ಎಳೆ ಎಳೆಯಿಂದ ಬಿಡಿಸಿಕೊಳ್ಳುವ ಸದ್ದು.

ತಿರುಗಿದ. ಹಾಸಿಗೆಯ ತಗ್ಗು ಏಳುತ್ತಿತ್ತು. ಹಿಮ್ಮಡಿಯ ಗುಳಿಗಳು ತುಂಬಿದವು. ಸೊಂಟ ತುಂಬಿತು. ಬೆನ್ನು ತುಂಬಿತು. ಕೊನೆಗೆ ತಲೆಯ ಬಟ್ಟಲು, ನಿಧಾನವಾಗಿ, ದಿಂಬಿನಿಂದ ಯಾರೋ ತಲೆ ಎತ್ತಿದ ಹಾಗೆ. ಹಾಸಿಗೆ ಸಮವಾಯಿತು.

ಅದರ ಮೇಲೆ ಯಾರೂ ಇರಲಿಲ್ಲ.

ಬಲ್ಬು ಉರಿಯುತ್ತಲೇ ಇತ್ತು. ಬೆಳಕು ಮಾತ್ರ ಅವನವರೆಗೆ ಬರುತ್ತಿರಲಿಲ್ಲ. ಗಾಳಿಯಲ್ಲಿ ಅರಳೆ ಹಾರುತ್ತಿತ್ತು. ಮೂಗಿಗೆ ಬಂತು. ತುಟಿಗೆ ಬಂತು. ಉಗಿದ. ಮತ್ತೆ ಬಂತು. ನೋವಿನ ಎಣ್ಣೆಯ ವಾಸನೆ. ಹತ್ತಿರ. ಇನ್ನೂ ಹತ್ತಿರ. ಕಿವಿಯ ಪಕ್ಕ ಉಸಿರು. ಬಾಯಿಯ ಒಂದೇ ಬದಿಯಿಂದ ಬರುವ ಉಸಿರು. ಆ ಉಸಿರನ್ನು ಅವನು ಎಂಟು ತಿಂಗಳು ಗೋಡೆಯ ಆಚೆಯಿಂದ ಕೇಳಿದ್ದ.

"ಅತ್ತೆ," ಎಂದ. ಮಾತು ಅರಳೆಯಲ್ಲಿ ಹೂತುಹೋಯಿತು.

ಬಾಗಿಲ ಕಡೆ ಓಡಬೇಕು ಎಂದುಕೊಂಡ. ಕಾಲು ಎದ್ದಿತು. ಕೈ ಬರಲಿಲ್ಲ. ಬಲಗೈ ಹಲಗೆಯ ಮೇಲೇ ಕೂತಿತ್ತು. ಎಳೆದ. ಭುಜ ಎಳೆಯಿತು, ಕೈ ಕೂತಿತ್ತು. ಬೆರಳುಗಳು ತೆರೆದವು. ಪೆನ್ನು ಹುಡುಕಿದವು. ಹಿಡಿದವು. ಅವನು ಪೆನ್ನು ಹಿಡಿಯುತ್ತಿದ್ದ ರೀತಿ ಬೇರೆ. ಇದು ಡಬ್ಬಣ ಹಿಡಿಯುವ ರೀತಿ. ಹಾಸಿಗೆ ಹೊಲಿಯುವವರ ಹಿಡಿತ.

ಕೈ ಸಹಿ ಮಾಡಿತು. ಬಲಕ್ಕೆ ವಾಲಿದ, ಒತ್ತಿ ಬರೆದ ಸಹಿ. ಅವನ ಸಮಕ್ಷಮ. ಈ ದಿನ.

ಅವನು ಬರೆದದ್ದು ಈಗ ಸುಳ್ಳಾಗಿರಲಿಲ್ಲ.

ಕೈ ಅಲ್ಲಿಗೆ ನಿಲ್ಲಲಿಲ್ಲ. ತಾರೀಖಿಗೆ ಹೋಯಿತು. ಒಂದು ಗೀಟು ಎಳೆಯಿತು. ಮೇಲೆ ಮೂರು ವರ್ಷ ಹಿಂದಿನ ತಾರೀಖು ಬರೆಯಿತು. ತಿದ್ದಿದ್ದಕ್ಕೆ ಪಕ್ಕದಲ್ಲಿ ಪುಟ್ಟ ಸಹಿ ಹಾಕಿತು. ಎಲ್ಲ ಅಚ್ಚುಕಟ್ಟು. ಆಮೇಲೆ ಹಾಳೆ ಮಗುಚಿತು. ಬೆನ್ನಿನ ಮೇಲೆ ಬರೆಯತೊಡಗಿತು. ನಿಧಾನ. ಯೋಚಿಸಿ. ಜೋಮು ಮಣಿಕಟ್ಟು ದಾಟಿತು. ಮೊಣಕೈ ದಾಟಿತು. ಅವನು ಓದಬಾರದು ಎಂದುಕೊಂಡ. ಓದಿದ.

ನಾನು ಮಲಗಿದ ಹಾಸಿಗೆ, ಮಲಗಿದ ಮೂರು ವರ್ಷಸಮೇತ, ನನ್ನ ಅಳಿಯನಿಗೆ ಸೇರತಕ್ಕದ್ದು.

ಭುಜ ಹೋಯಿತು. ದವಡೆ ಹೋಯಿತು. ನಾಲಿಗೆ ಬಾಯಿಯೊಳಗೆ ಒಂದು ಅರಳೆಯುಂಡೆಯಾಯಿತು. ಕೂಗಿದ. ಕೂಗಿದೆ ಎಂದುಕೊಂಡ. ಎಡಗೈ ಹೋಯಿತು. ಮಂಡಿ ಹೋಯಿತು. ನೆಲ ಬಂತು, ನೆಲವಲ್ಲ, ಹಾಸಿಗೆ. ಮೆತ್ತಗೆ. ಅವನ ತಲೆಗೆ ಒಂದು ಬಟ್ಟಲಿನಷ್ಟು ತಗ್ಗಿತು. ಸೊಂಟಕ್ಕೆ ತಗ್ಗಿತು. ಹಿಮ್ಮಡಿಗಳಿಗೆ ತಗ್ಗಿತು. ಅಳತೆ ಸರಿಯಾಗಿತ್ತು.

ಸಂಜೆ ಆರಕ್ಕೆ ಹೆಂಡತಿ ಬಂದು ಬಾಗಿಲು ತೆಗೆದಳು. ಗಂಡನನ್ನು ನೋಡಿದಳು, ಅವನ ಬಲಗೈಯ ಕೆಳಗಿದ್ದ ಹಾಳೆಯನ್ನು ನೋಡಿದಳು. ಕಿರುಚಲಿಲ್ಲ. ಕೂತು, ಅವನ ಕಣ್ಣಿನ ರೆಪ್ಪೆ ಎತ್ತಿ, ಬಾಯೊಳಗೆ ಬೆರಳು ಹಾಕಿ ಅರಳೆ ತೆಗೆದಳು. ಮೂರು ವರ್ಷ ಮಾಡಿದ ಕೆಲಸ, ಅವಳ ಕೈಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಾರದುಂಡೆ ಹಿಡಿದುಕೊಂಡು ಬಂದ ಅಜ್ಜ ಹೊಸ್ತಿಲಲ್ಲೇ ನಿಂತ.

"ಬರೆದ್ರಾ ಅದರ ಮೇಲೆ?" ಎಂದ.

ಅಳಿಯನಿಗೆ ಕೇಳಿಸಿತು. ಹೂಂ ಎನ್ನಲು ಏನೂ ಉಳಿದಿರಲಿಲ್ಲ.

ಮರುದಿನ ಹತ್ತಕ್ಕೆ ಅತ್ತೆಯ ತಮ್ಮ ಬೀಗ ತಂದ. ಹೆಂಡತಿ ಕಾಗದ ತೋರಿಸಿದಳು. ಆತ ಎರಡು ಸಲ ಓದಿ, ಅಕ್ಕನ ಅಕ್ಷರ ಗುರುತು ಹಿಡಿದು, ಮುಖ ಹುಳ್ಳಗೆ ಮಾಡಿಕೊಂಡು ಹೋದ. ನೋಂದಣಿ ಕಚೇರಿಯಲ್ಲಿ ಸೋಡಾಬುಡ್ಡಿ ಬಂದು, ಹೌದು, ನನ್ನ ಸಮಕ್ಷಮವೇ ಆಕೆ ಸಹಿ ಮಾಡಿದ್ದು ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಮಲಗಿದ ಗೆಳೆಯನಿಗೆ ಅಷ್ಟಾದರೂ ಮಾಡಬೇಡವೇ ಎಂಬುದು ಅವನ ಮನಸ್ಸು. ಅಲ್ಲಿನ ಅಧಿಕಾರಿ ಹೆಂಗಸು ಹಾಳೆ ಮಗುಚಿ ಹಿಂದಿನ ಸಾಲು ಓದಿದಳು.

"ಮೂರು ವರ್ಷದ ಹಿಂದೆ ನಿಮಗೆ ಮದುವೆ ಆಗಿತ್ತೇನ್ರಿ?"

"ಇಲ್ಲ," ಎಂದಳು ಹೆಂಡತಿ.

"ಬರೋ ಅಳಿಯನಿಗೆ ಹಾಸಿಗೆ ಮೊದಲೇ ಎತ್ತಿಟ್ಟಿದ್ದಾರೆ. ಪುಣ್ಯಾತ್ಗಿತ್ತಿ." ನಗುತ್ತಾ ಮೊಹರು ಒತ್ತಿದಳು.

ಮನೆ ಅವಳದಾಯಿತು. ವೈದ್ಯರು, ಅದೇ ಕಾಯಿಲೆ, ಈ ವಯಸ್ಸಿಗೆ ಬರಬಾರದಿತ್ತು ಎಂದರು. ಅಜ್ಜ ಹಾಸಿಗೆಯ ಅಂಚನ್ನು ಹೊಸ ದಾರದಲ್ಲಿ ಹೊಲಿದು ಕೊಟ್ಟು, ಅಳಿಯನ ಕೈ ನೋಡದೆ ಹೊರಗೆ ಹೋಗಿ, ಮತ್ತೆ ಅವನನ್ನು ಮಲಗಿಸಿದ ಕೋಣೆಗೆ ಕಾಲಿಡಲಿಲ್ಲ.

ಅಳಿಯನಿಗೆ ನೋವಿರಲಿಲ್ಲ. ತಣ್ಣಗಿದೆಯೋ ಬಿಸಿಯಾಗಿದೆಯೋ ತಿಳಿಯುತ್ತಿರಲಿಲ್ಲ. ನೊಣ ಕೂತರೆ ಕಾಣುತ್ತಿತ್ತು, ಅಷ್ಟೆ. ಮೊದಮೊದಲು ಹೆದರಿಕೆಯಿತ್ತು, ಆಮೇಲೆ ಅದೂ ಸವೆಯಿತು. ದಿನದಲ್ಲಿ ಒಂದೇ ಹೊತ್ತಿಗೆ ಅವನು ಮನುಷ್ಯನಾಗುತ್ತಿದ್ದ. ಸಂಜೆ ಅಂಗಡಿ ಮುಚ್ಚಿ ಹೆಂಡತಿ ಪಕ್ಕದಲ್ಲಿ ಕೂತು ಅವತ್ತಿನ ಸುದ್ದಿ ಹೇಳುತ್ತಿದ್ದಳು. ಇವತ್ತು ಎರಡು ಹಾಸಿಗೆ ಹೋದ್ವು ರೀ. ಯಂತ್ರದ ಬೆಲ್ಟು ಹರೀತು. ಸೋಡಾಬುಡ್ಡಿ ಅಣ್ಣ ಬಂದಿದ್ರು, ನಿಮ್ಮ ಮೇಜಿಗೆ ಇನ್ನೂ ಯಾರನ್ನೂ ಕೂರಿಸಿಲ್ವಂತೆ. ಸಪ್ಪೆ ದನಿ, ಪಟ್ಟಿ ಓದಿದ ಹಾಗೆ. ಆದರೂ ಅವನು ಇಡೀ ದಿನ ಆ ಅರ್ಧ ಗಂಟೆಗೆ ಕಾಯುತ್ತಿದ್ದ.

ಎರಡನೇ ತಿಂಗಳು ಬಲಗೈ ಅಲ್ಲಾಡಿತು. ಬೆರಳು ಹೊದಿಕೆಯ ಮೇಲೆ ಗೀಚುತ್ತಿದ್ದುದನ್ನು ಅವಳು ನೋಡಿದಳು. ಗಂಡ ಚೇತರಿಸಿಕೊಳ್ಳುತ್ತಿದ್ದಾನೆ ಎಂದು ಅವಳ ಮುಖದಲ್ಲಿ ಏನೋ ಆಡಿತು. ಪೆನ್ಸಿಲ್ ತಂದು ಬೆರಳುಗಳ ನಡುವೆ ಇಟ್ಟು ಕಾಗದ ಹಿಡಿದಳು. ಕೈ ಬರೆಯಿತು. ಬಾಯಿ ಒಣಗಿದೆ ಮಗಳೇ.

ಬಲಕ್ಕೆ ವಾಲಿದ, ಒತ್ತಿ ಬರೆದ ಅಕ್ಷರ.

ಅವಳು ಅತ್ತಳು. ಅಮ್ಮ ಸತ್ತಾಗ ಬರದಿದ್ದ ಅಳು, ಮೂರು ವರ್ಷ ತಡೆದದ್ದು, ಎಲ್ಲ ಒಟ್ಟಿಗೆ ಬಂತು. ನೆಲಕ್ಕೆ ಕುಸಿದು ಆ ಕೈಗೆ ಕೆನ್ನೆಯೊತ್ತಿ ಅಮ್ಮಾ ಅಮ್ಮಾ ಎಂದು ಅತ್ತಳು. ಕೈ ಅವಳ ತಲೆ ಸವರಿತು. ಹೆಂಡತಿ ಅಳುವುದನ್ನು ಅಳಿಯ ಮೊದಲ ಸಲ ನೋಡುತ್ತಿದ್ದ. ಅವಳಿಗೆ ಹಗುರವಾಯಿತಲ್ಲ ಎಂದು ಅವನಿಗೆ ಒಂದು ಕ್ಷಣ ಸಂತೋಷವೇ ಆಯಿತು. ಆ ಕೂದಲಿನ ಮೇಲೆ ಆಡುತ್ತಿದ್ದದ್ದು ತನ್ನದೇ ಬೆರಳು ಎಂಬುದು ಮಾತ್ರ ಅವನಿಗೆ ತಿಳಿಯುತ್ತಿರಲಿಲ್ಲ.

ಅಂದಿನಿಂದ ಸಂಜೆಯ ಸುದ್ದಿ ಅಮ್ಮನಿಗೂ ಗಂಡನಿಗೂ ಸೇರಿಸಿ ಹೇಳುತ್ತಿದ್ದಳು. ಅಮ್ಮ ಬರೆದು ಉತ್ತರ ಕೊಡುತ್ತಿದ್ದಳು. ಯಂತ್ರಕ್ಕೆ ಯಾವ ಬೆಲ್ಟು, ತಮ್ಮ ಬಂದರೆ ಏನು ಹೇಳಬೇಕು. ಅವಳು ನಗುವುದೂ ಶುರುವಾಯಿತು. ನಡುವೆ ಒಮ್ಮೊಮ್ಮೆ ನೆನಪಾಗಿ ಗಂಡನ ಮುಖ ನೋಡಿ, ಹೌದಲ್ವಾ ರೀ ಎನ್ನುತ್ತಿದ್ದಳು. ಅವನು ಆ ಒಂದು ಮಾತಿಗೆ ಜೀವ ಹಿಡಿದುಕೊಂಡಿದ್ದ.

ಒಂದು ಸಂಜೆ ಮಾತಿನ ನಡುವೆ ನಿಲ್ಲಿಸಿ, ಅವನ ಕಣ್ಣುಗಳನ್ನೇ ನೋಡಿದಳು.

"ಅಮ್ಮಾ, ನೀನು ಅಲ್ಲೇ ಇದ್ದೀಯಲ್ಲ. ಇವರಿಗೆ ನಾನು ಹೇಳೋದು ಏನಾದ್ರೂ ಗೊತ್ತಾಗುತ್ತಾ?"

ಅಳಿಯ ಇದ್ದಬದ್ದ ಶಕ್ತಿಯನ್ನೆಲ್ಲ ಕಣ್ಣಿಗೆ ತಂದ. ರೆಪ್ಪೆ ಅಲ್ಲಾಡಲಿಲ್ಲ. ಪೆನ್ಸಿಲ್ ಕಾಗದದ ಮೇಲೆ ಹೋಗುವ ಸದ್ದು ಕೇಳಿಸಿತು. ಚಿಕ್ಕ ಸದ್ದು, ಒಂದೇ ಮಾತು.

ಇಲ್ಲ.

ಅವಳು ಆ ಮಾತನ್ನು ಓದಿ ತಲೆಯಾಡಿಸಿದಳು. ಹಾಗಾದರೆ ಒಳ್ಳೆಯದೇ ಆಯಿತು, ಅನುಭವಿಸುತ್ತಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟಳು. ಕುರ್ಚಿಯನ್ನು ಎತ್ತಿ ಹಾಸಿಗೆಯ ಬಲಮಗ್ಗುಲಿಗೆ, ಅವನ ಕಣ್ಣಿಗೆ ಕಾಣದ ಕಡೆ ಹಾಕಿಕೊಂಡು ಕೂತಳು. ಆಮೇಲೆ ಅವಳು ಗಂಡನನ್ನು ಮಾತಾಡಿಸಲಿಲ್ಲ.